ರುಚಿ ನೋಡದೆ ಕಳಿಸಿದ ಉಂಡಿಗಳು

ಹೋದ ತಿಂಗಳು ಹುಕ್ಕೇರಿಯಿಂದ ಒಬ್ಬ ಹೆಣ್ಣುಮಗಳು ಕಲ್ಲೋಳಿಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೆಸರು ದೀಪಾ. ಶೇಂಗಾ ಉಂಡಿ ಕಟ್ಟಿ ಮಾರುವ ಧಂದೆ ಹಾಕಬೇಕೆಂದಿದ್ದಾಳೆ. ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಚಹಾದ ಕಪ್ಪು ಕೆಳಗಿಟ್ಟವಳೇ ಕೇಳಿದಳು:

"ಕಾಕಾ, ಇದರಾಗ ತಿಂಗಳಿಗೆ ಎಷ್ಟ ಸಿಗತೈತ್ರಿ?"

"ಅದನ್ನ ಆಮ್ಯಾಲ ಕೇಳುವಂತಿ. ಕಣ್ತುಂಬ ನಿದ್ದಿ ಬರತೈತೋ ಇಲ್ಲೋ, ಅದನ್ನ ಮೊದಲ ಕೇಳು" ಅಂದೆ.

ಅವಳು ನಕ್ಕಳು. ಒಳಗಿದ್ದ ನನ್ನ ಹೆಂಡತಿ ಮಹಾದೇವಿಯೂ ನಕ್ಕಳು. ನಾನು ನಗಿಸಲೆಂದು ಹೇಳಿದ್ದಲ್ಲ. ಕೆಲಸ ಬಿಟ್ಟು ಮೂರು ವರ್ಷವಾಯಿತು, ಈಗ ಎಲ್ಲವನ್ನೂ ಸೊಸೆ ಕವಿತಾ ನೋಡಿಕೊಳ್ಳುತ್ತಾಳೆ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಯಾರೋ ಎಲ್ಲಿಯೋ ನಮ್ಮ ಉಂಡಿ ತಿಂದು ಹೊಟ್ಟೆ ಹಿಡಿದುಕೊಂಡಿದ್ದಾರೆ ಅಂತಲೇ ಮೊದಲು ಅನಿಸುವುದು. ಮಷಿನ್ ಯಾವುದು, ಪರವಾನಗಿ ಎಲ್ಲಿ, ಚೀಟಿ ಯಾರು ಅಚ್ಚು ಹಾಕುತ್ತಾರೆ ಎಂದು ಕೇಳಲು ಬರುವವರಿಗೆ ಕವಿತಾ ಚೆನ್ನಾಗಿ ಹೇಳಿಕೊಡುತ್ತಾಳೆ. ಯಾರೂ ಕೇಳದ್ದನ್ನು ನಾನು ಬರೆದಿಡುತ್ತೇನೆ.

ನಾನು ಮೊದಲು ಬೆಲ್ಲದ ಗಾಣದಲ್ಲಿ ಆಳಾಗಿದ್ದವನು. ಕಬ್ಬಿನ ಹಾಲು ಕುದಿಯುವ ಸಪ್ಪಳ ಕೇಳಿಯೇ ಪಾಕ ಎಲ್ಲಿಗೆ ಬಂತು ಎಂದು ಹೇಳುತ್ತಿದ್ದೆ. ಮಹಾದೇವಿಯ ಕೈಯ ಉಂಡಿಗೆ ನಮ್ಮ ಓಣಿಯಲ್ಲಿ ಹೆಸರಿತ್ತು. ಬೆಲ್ಲ ನನಗೆ ಗೊತ್ತು, ಉಂಡಿ ಅವಳಿಗೆ ಗೊತ್ತು, ಇನ್ನೇನು ಬೇಕು ಎಂದು ಧಂದೆಗೆ ಇಳಿದೆವು. ಊರಿನವರು ನನ್ನನ್ನು ಉಂಡಿ ಬಾಳಪ್ಪ ಎಂದು ಕರೆಯತೊಡಗಿದರು. ಗಂಡಸು ಒಲೆಯ ಮುಂದೆ ಕೂತು ಪಾಕ ನೋಡುತ್ತಾನೆ ಎಂಬುದೇ ಅವರಿಗೆ ತಮಾಷೆ. ಸುರುವಿನಲ್ಲಿ ಸಿಟ್ಟು ಬರುತ್ತಿತ್ತು. ಆಮೇಲೆ ಆ ಹೆಸರನ್ನೇ ಡಬ್ಬಿಯ ಮೇಲೆ ಬರೆಸಿದೆ.

ಮೊದಲ ಸೋಲು ಮೂಡಲಗಿ ಸಂತೆಯಲ್ಲಿ ಆಯಿತು. ಗಾಣದ ಪಾಕವೇ ಬೇರೆ, ಉಂಡಿಯ ಪಾಕವೇ ಬೇರೆ ಎಂಬುದು ನನ್ನ ತಲೆಗೆ ಹತ್ತಿರಲಿಲ್ಲ. ಬೆಲ್ಲ ಗಟ್ಟಿಯಾಗಿ ಕೂರಲಿ ಎಂದು ಒಂದೆರಡು ಕುದಿ ಜಾಸ್ತಿ ಕೊಟ್ಟುಬಿಟ್ಟೆ. ಮಾರನೆಯ ವಾರ ಒಬ್ಬ ಹಣ್ಣು ಮುದುಕರು ನನ್ನ ಮುಂದೆ ಬಂದು, ಒಂದು ಉಂಡಿಯನ್ನು ತಕ್ಕಡಿಯ ತಟ್ಟೆಯೊಳಗೆ ಬಿಟ್ಟರು. ಟಣ್ ಎಂದಿತು.

"ತಮ್ಮಾ, ಇದನ್ನ ತಿನ್ನಬೇಕೋ, ಕವಣ್ಯಾಗ ಇಟ್ಟ ಜ್ವಾಳದ ಹೊಲದಾಗ ಹಕ್ಕಿ ಹೊಡೀಬೇಕೋ?"

ಸುತ್ತಲಿನ ಮಂದಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಮುದುಕರ ಹಲ್ಲಿನದೇ ಚಿಂತೆ. ಎಷ್ಟಿದ್ದವು, ಈಗ ಎಷ್ಟು ಉಳಿದಿವೆ ಎಂದು ಕೇಳಿ ಬರಬೇಕಿತ್ತು ಅನಿಸಿತು. ಅವತ್ತಿನಿಂದ ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿಯೇ ಕಡಾಯಿ ಇಳಿಸಿದ್ದು.

ಸ್ವಂತ ಧಂದೆಗೆ ಮೇಲಿನವರು ಯಾರೂ ಇಲ್ಲ ಎನ್ನುತ್ತಾರೆ, ಸುಳ್ಳು. ನನ್ನ ಮೇಲೆ ಗೋಕಾಕದ ಸಾವಕಾರರು ಇದ್ದರು. ಹಣೆಯ ತುಂಬ ವಿಭೂತಿ, ಮಾತು ಬಹಳ ಕಡಿಮೆ. ಅವರ ಅಂಗಡಿಯಲ್ಲಿ ಸಾಮಾನು ಇಟ್ಟರೆ ಊರು ಒಪ್ಪಿದಂತೆ. ಮೊದಲ ಸಲ ಹೋದಾಗ, "ಕರದಂಟಿನ ಊರಿಗೆ ಉಂಡಿ ಹೊತ್ಕೊಂಡ ಬಂದೀಯಲ್ಲೋ, ಧೈರ್ಯ ಐತಿ ನಿನಗ" ಅಂದರು. ಒಂದು ಉಂಡಿ ಮುರಿದರು. ತಿನ್ನಲಿಲ್ಲ, ಮೂಗಿನ ಹತ್ತಿರ ಹಿಡಿದರು. ಎರಡು ಬೆರಳಲ್ಲಿ ತಿಕ್ಕಿ ಎಣ್ಣೆ ನೋಡಿದರು. ಆಮೇಲೆ ಬಾಯಿಗೆ ಹಾಕಿ ಸಾವಕಾಶವಾಗಿ ಅಗಿದರು. ನಾನು ಅವರ ದವಡೆಯನ್ನೇ ನೋಡುತ್ತ ನಿಂತಿದ್ದೆ. ಪರೀಕ್ಷೆಗೆ ಕೂತ ಹುಡುಗನಿಗೂ ಅಷ್ಟು ಬೆವರು ಬರಲಿಕ್ಕಿಲ್ಲ.

"ಇಟ್ಟ ಹೋಗು" ಅಂದರು, ಅಷ್ಟೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಉಂಡಿ ಕೊಟ್ಟೆ. ಚೊಲೊ ಐತಿ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಆದರೆ ಮುರಿ, ಮೂಸು, ತಿಕ್ಕು, ಅಗಿ ಎಂಬ ಅವರ ನಾಲ್ಕು ಕೆಲಸವನ್ನು ನಾನು ಕಲಿತೆ.

ಆಮೇಲೆ ಕಾಲ ಬದಲಾಯಿತು. ಪೇಪರಿನ ಪುಡಿಕೆ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂತು. ಪರವಾನಗಿ ಮಾಡಿಸಲು ಹೋದಾಗ ಅಲ್ಲಿದ್ದ ಅಧಿಕಾರಿ ಕೇಳಿದರು, ಈ ಉಂಡಿ ಎಷ್ಟು ದಿನ ಬಾಳುತ್ತದೆ, ಡಬ್ಬಿಯ ಮೇಲೆ ಬರೆಯಬೇಕು. ನಮಗೆ ಗೊತ್ತೇ ಇರಲಿಲ್ಲ! ನಮ್ಮ ಮನೆಗಳಲ್ಲಿ ಉಂಡಿ ಉಳಿದರಲ್ಲವೇ ಬಾಳುವ ಮಾತು. ಕೊನೆಗೆ ಹತ್ತು ಡಬ್ಬಿ ಕಟ್ಟಿ ಅಟ್ಟದ ಮೇಲಿಟ್ಟು, ನಾಲ್ಕು ದಿನಕ್ಕೊಂದು ಇಳಿಸಿ ತಿನ್ನುತ್ತ ಹೋದೆ. ತಿಂದ ಮೇಲೆ ನಾಡಿ ಹಿಡಿದುಕೊಂಡು ಕೂಡುತ್ತಿದ್ದೆ.

"ಇಷ್ಟ್ಯಾಕ ತ್ರಾಸ ಮಾಡ್ಕೋತೀರಿ. ನೀವು ಸತ್ತ ದಿನ ನೋಡಿ ಡಬ್ಬಿ ಮ್ಯಾಲ ಬರಿಯೋಣ ಬಿಡ್ರಿ" ಎಂದಳು ಮಹಾದೇವಿ. ಕೊನೆಯ ಡಬ್ಬಿಯನ್ನು ತಿಂದರೂ ನಾನು ಸಾಯಲಿಲ್ಲ. ಆದರೆ ಏಳನೆಯದರಲ್ಲೇ ಶೇಂಗಾ ಕಮಟು ಹತ್ತಿತ್ತು, ಹಾಗಾಗಿ ಐದನೆಯದರ ದಿನವನ್ನೇ ಚೀಟಿಯಲ್ಲಿ ಬರೆಸಿದೆ.

ಕುಟ್ಟುವ ಕೆಲಸವೂ ಬದಲಾಯಿತು. ಮೊದಲು ಹುರಿದ ಶೇಂಗಾದ ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಒರಳಿಗೆ ಹಾಕುತ್ತಿದ್ದೆವು. ಕಪ್ಪು ಕಾಳು, ಸುಕ್ಕು ಕಾಳು ಕಣ್ಣಿಗೆ ಬೀಳುತ್ತಿತ್ತು. ಕೆಲಸದ ಹೆಂಗಸರು ಮಾತಾಡುತ್ತ ಮಾತಾಡುತ್ತ ನಾಲ್ಕು ಕಾಳು ಬಾಯಿಗೆ ಎಸೆದುಕೊಳ್ಳುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ತಿನ್ನಲಿ, ಅದೇ ನಮ್ಮ ತಪಾಸಣೆ. ಮಷಿನ್ ಬಂದ ಮೇಲೆ ಎಂಥ ಕಾಳಾದರೂ ಒಂದೇ ಬಣ್ಣದ ಪುಡಿ. ತಪಾಸಣೆಗೆ ಉಳಿದದ್ದು ಆ ಹೆಂಗಸರ ಬಾಯಿಯೊಂದೇ. ಶ್ರಾವಣದಲ್ಲಿ ಅದಕ್ಕೂ ಬೀಗ ಬೀಳುತ್ತಿತ್ತು.

ನಮ್ಮ ಕಡೆ ಪಂಚಮಿ ಎಂದರೆ ಉಂಡಿಯ ಹಬ್ಬ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಮನೆಮನೆಗೂ ಉಂಡಿಯ ತಟ್ಟೆ ಹೋಗುತ್ತದೆ, ಬರುತ್ತದೆ. ಆದರೆ ನಾಗಪ್ಪನಿಗೆ ಹಾಲೆರೆದು ಎಡೆ ತೋರಿಸುವವರೆಗೆ ಅದು ಮೀಸಲು. ಕಟ್ಟಿದವರೂ ಬಾಯಿಗೆ ಹಾಕುವಂತಿಲ್ಲ, ಮನೆಯವರೂ ಮುಟ್ಟುವಂತಿಲ್ಲ. ನಮ್ಮಲ್ಲಿ ಉಂಡಿ ಕಟ್ಟುವ ಹೆಂಗಸರಿಗೆಲ್ಲ ಹಿರಿಯಳು ನೀಲವ್ವ. ಹಬ್ಬದ ವಾರ ಅವಳ ಕಣ್ಣು ತಪ್ಪಿಸಿ ಒಂದು ಕಾಳು ಯಾರ ಬಾಯಿಗೂ ಹೋಗುತ್ತಿರಲಿಲ್ಲ.

"ಮಂದಿ ನಾಗಪ್ಪಗ ಎಡಿ ಹಿಡಿಯೂ ಉಂಡಿ ಇವು. ಎಂಜಲ ಮಾಡಿ ಕೊಟ್ರ ಪಾಪ ಯಾರಿಗಿ ಹತ್ತತೈತಿ?" ಎನ್ನುತ್ತಿದ್ದಳು.

ನಾನೂ ಅದೇ ನಂಬಿಕೆಯಲ್ಲಿ ಬೆಳೆದವನು. ಸಾವಕಾರರಿಂದ ಕಲಿತ ನಾಲ್ಕರಲ್ಲಿ ಕೊನೆಯದನ್ನು ಆ ವಾರ ಬಿಟ್ಟುಬಿಡುತ್ತಿದ್ದೆ. ಎಷ್ಟೋ ವರ್ಷ ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ನಾವೇ ಸರಿ ಅಂದುಕೊಂಡಿದ್ದೆ.

ಹೀಗಿರುವಾಗ ಒಂದು ವರ್ಷ ಪಂಚಮಿಗೆ ಬೇಡಿಕೆ ಬಹಳ ಬಂತು. ಗೋಕಾಕಕ್ಕೂ ಹುಕ್ಕೇರಿಗೂ ಹಿಂದೆಂದೂ ಕಳಿಸದಷ್ಟು ಡಬ್ಬಿ ಕಳಿಸಿದೆವು. ಹಾಲೆರೆಯುವ ಹಿಂದಿನ ದಿನ ಮಧ್ಯಾಹ್ನ ಕೆಲಸ ಮುಗಿಯಿತು. ಸಾಮಾನಿನ ಕೋಣೆಯನ್ನು ಗುಡಿಸುತ್ತಿದ್ದ ಮಹಾದೇವಿ ಕೂಗಿದಳು.

"ರೀ, ಈ ಚೀಲದ ವಾಸನಿ ನೋಡ್ರಿ ಸ್ವಲ್ಪ."

ಗೋಡೆಗೆ ಆನಿಸಿ ಇಟ್ಟಿದ್ದ ಶೇಂಗಾ ಚೀಲ. ಮುಕ್ಕಾಲು ಭಾಗ ಬಳಸಿ ಆಗಿತ್ತು. ತಳಕ್ಕೆ ಕೈ ಹಾಕಿದೆ, ತಣ್ಣಗೆ ಹತ್ತಿತು. ಎಂಟು ದಿನದ ಜಿಟಿಜಿಟಿ ಮಳೆಗೆ ಗೋಡೆ ನೀರು ಕುಡಿದು, ಆ ನೀರು ಚೀಲಕ್ಕೆ ಇಳಿದಿತ್ತು. ಹಿಡಿಯಲ್ಲಿ ಬಂದ ಕಾಳಿನ ಮೇಲೆ ಹಸಿರು ಬೂಷ್ಟು. ಬೂಷ್ಟು ಹಿಡಿದ ಶೇಂಗಾದ ವಿಷ ಹುರಿದರೂ ಹೋಗುವುದಿಲ್ಲ ಎಂದು ಪರವಾನಗಿಯ ತರಬೇತಿಯಲ್ಲಿ ಹೇಳಿದ್ದರು. ಆ ಮಾತು ಈಗ ಕಿವಿಯಲ್ಲಿ ಬಡಿಯತೊಡಗಿತು.

ತಳದ್ದಷ್ಟೇ ಕೆಟ್ಟಿದೆಯೋ, ಮೇಲಿನದೂ ಕೆಟ್ಟಿತ್ತೋ? ಕಟ್ಟಿದ ಉಂಡಿಯಲ್ಲಿ ಎಷ್ಟು ಸೇರಿದೆ? ಏಲಕ್ಕಿ, ಬೆಲ್ಲದ ವಾಸನೆಯ ಮುಂದೆ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ತಿಳಿಯಲು ಇದ್ದ ದಾರಿ ಒಂದೇ. ಮನೆಗೆಂದು ಎತ್ತಿಟ್ಟ ಡಬ್ಬಿಯಿಂದ ಒಂದು ಉಂಡಿ ತೆಗೆದೆ. ನೀಲವ್ವ ಎದುರಿಗೆ ಬಂದು ನಿಂತಳು.

"ಬಾಳಪ್ಪ, ಮೀಸಲ ಐತಿ. ನಾಳಿ ಮುಂಜಾನಿತನಾ ತಡಿ."

"ನಾಳಿ ಮುಂಜಾನಿ ಊರಮಂದಿ ಎಲ್ಲಾ ತಿಂತಾರಕ್ಕಾ."

ಹೇಳಿದೆನೇ ಹೊರತು ಕೈ ಮೇಲೇಳಲಿಲ್ಲ. ನಾಗಪ್ಪನ ಅಂಜಿಕೆ ಒಂದು ಕಡೆ, ಬೂಷ್ಟಿನ ಅಂಜಿಕೆ ಇನ್ನೊಂದು ಕಡೆ. ಕೊನೆಗೆ ಕಣ್ಣು ಮುಚ್ಚಿ ಕಚ್ಚಿದೆ. ಸಿಹಿ. ಅಗಿದೆ, ಆಗಲೂ ಸಿಹಿ. ನುಂಗುವ ಹೊತ್ತಿಗೆ ಗಂಟಲಿನ ಬುಡದಲ್ಲಿ ಕಹಿ ಹತ್ತಿತು, ನೀರು ಕುಡಿದರೂ ಹೋಗದಂಥ ಕಹಿ. ನನ್ನ ಮುಖ ನೋಡಿ ನೀಲವ್ವ ಕೆಳಗೆ ಕೂತುಬಿಟ್ಟಳು.

ಹುಕ್ಕೇರಿಯ ಅಂಗಡಿಗೆ ಫೋನು ಮಾಡಿದೆ. ಪುಣ್ಯಕ್ಕೆ ಡಬ್ಬಿಗಳು ಇನ್ನೂ ಟೆಂಪೋದಿಂದ ಇಳಿದಿರಲಿಲ್ಲ. ಗೋಕಾಕದ ಸಾವಕಾರರು ಫೋನು ಎತ್ತಲಿಲ್ಲ. ಮೋಟರ್ ಸೈಕಲ್ ಹತ್ತಿದೆ. ದಾರಿಯಲ್ಲಿ ಏನು ಹೇಳಬೇಕೆಂದು ಹೊಂದಿಸಿಕೊಳ್ಳುತ್ತಿದ್ದೆ. ಶೇಂಗಾ ಕೊಟ್ಟ ಕೌಜಲಗಿಯ ರೈತನ ಮೇಲೆ ಹಾಕಲೇ ಎಂಬ ಕೆಟ್ಟ ವಿಚಾರವೂ ಬಂತು, ಅದನ್ನೂ ಇಲ್ಲಿ ಬರೆಯುತ್ತೇನೆ. ಆತ ಬಿಸಿಲಿನಲ್ಲಿ ಒಣಗಿಸಿದ ಬಂಗಾರದಂಥ ಕಾಳು ಕೊಟ್ಟಿದ್ದ. ಸೋರಿದ ಗೋಡೆ ನನ್ನದು.

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಎಲ್ಲರ ಮುಂದೆಯೇ ಹೇಳಿದೆ, "ಸಾವಕಾರ್ರ, ನನ್ನ ಉಂಡಿ ಕೆಟ್ಟಾವ್ರಿ. ಯಾರಿಗೂ ಕೊಡಬ್ಯಾಡ್ರಿ." ಮಾತು ಮುಗಿಯುವುದರೊಳಗೆ ಅಳು ಬಂತು.

ಸಾವಕಾರರು ಬೈಯಲಿಲ್ಲ. "ಕುಂದ್ರು. ಯಾರ್ಯಾರು ಒಯ್ದಾರ, ನೆನಪ ಮಾಡೋಣು" ಅಂದರು.

ಕೂತಲ್ಲೇ ಒಬ್ಬೊಬ್ಬರ ಹೆಸರು ಹೇಳಿ ಫೋನು ಮಾಡಿಸಿದರು. ಓಣಿಯವರ ಮನೆಗೆ ನಾನೇ ಓಡಿದೆ. ಹೋದ ಮನೆಯಲ್ಲೆಲ್ಲ ಡಬ್ಬಿ ದೇವರ ಮುಂದೆ ಕಟ್ಟಿದಂತೆಯೇ ಕೂತಿತ್ತು. "ಮೀಸಲ ಐತಲ್ರಿ, ಯಾರು ತೆಗೀತಾರ" ಎಂದು ಎಲ್ಲ ಹೆಂಗಸರದೂ ಅದೇ ಮಾತು. ನನ್ನ ಬಾಯಿಗೆ ಬೀಗ ಹಾಕಿದ ಪದ್ಧತಿಯೇ ಅವರ ಬಾಯಿಗೂ ಬೀಗ ಹಾಕಿ ನನ್ನನ್ನು ಕಾಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಒಂದನ್ನು ಬಿಟ್ಟು ಎಲ್ಲ ಡಬ್ಬಿ ಬಂದವು.

ಆ ಒಂದನ್ನು ಒಯ್ದವರು ಸಾವಕಾರರಿಗೆ ಗುರುತಿಲ್ಲದವರು. "ಅಂಕಲಗಿಯಿಂದ ಬಂದೇವಿ ಅಂದ್ಲು. ಬಲಗೈಗೆ ಪಟ್ಟಿ ಹಾಕಿತ್ತು. ಕೈ ಮುರದೈತ್ರಿ, ಈ ವರ್ಷ ಉಂಡಿ ಕಟ್ಟಾಕ ಆಗಲಿಲ್ಲ, ಬಸರಿ ಮಗಳ ಬಂದಾಳ ಅಂತ ನಾಚಿಕೊಂಡ ಒಯ್ದಳು" ಎಂದರು.

ಬಸುರಿ ಎಂಬ ಮಾತು ಕೇಳಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಅಂಕಲಗಿಯಲ್ಲಿದ್ದೆ. ಕೈ ಮುರಿದುಕೊಂಡ ಅವ್ವನವರ ಮನೆ ಯಾವುದು ಎಂದು ಮೂರು ಕಡೆ ಕೇಳಿ ಬಾಗಿಲಿಗೆ ಹೋದಾಗ ಆಕೆ ಹಾಲೆರೆದು ಆಗಷ್ಟೇ ಮನೆಗೆ ಬಂದಿದ್ದರು. ಎಡೆಯ ತಟ್ಟೆಯಲ್ಲಿ ನನ್ನ ಐದು ಉಂಡಿ. ನಾನು ಯಾರು, ಯಾಕೆ ಬಂದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಎಡಿ ತೋರಿಸಿದ್ದನ್ನ ಹೆಂಗ ತಿರುಗಿ ಕೊಡೂದ್ರಿ? ಹಬ್ಬದ ದಿನ ಮನಿ ಬಾಗಿಲಿಗಿ ಬಂದ ಇಂಥಾ ಮಾತ ಆಡತೀರಲ್ಲ" ಎಂದು ಆಕೆ ಮುಖ ಗಂಟು ಹಾಕಿಕೊಂಡರು.

"ಅವ್ವಾರ, ಕೈ ಮುಗೀತೇನಿ. ಯಾರೂ ತಿಂದಿಲ್ಲಲ್ರಿ?"

"ಮೀಸಲ ಮುರದ ಯಾರ ತಿಂತಾರ್ರಿ ನಮ್ಮ ಮನ್ಯಾಗ!"

ನಾನು ಉಸಿರು ಬಿಟ್ಟೆ. ಆಗ ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಅಳತೊಡಗಿದಳು. ಏಳು ತಿಂಗಳ ಬಸುರಿ.

"ನಾ ತಿಂದೇನ್ರಿ ಕಾಕಾ. ನಿನ್ನಿ ಸಂಜಿಮುಂದ. ಆಸಿ ತಡಿಯಾಕ ಆಗಲಿಲ್ಲ. ತಿಂದಮ್ಯಾಲ ಬಾಯೆಲ್ಲಾ ಕಹಿ ಆತು. ಮೀಸಲ ಮುರದಿದ್ದಕ್ಕ ನಾಗಪ್ಪನ ಕಹಿ ಮಾಡ್ಯಾನ, ಕೂಸಿಗೆ ಏನ ಮಾಡತಾನೋ ಅಂತ ಅಂಜಿ ಯಾರಿಗೂ ಹೇಳಲಿಲ್ಲ."

ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಾನು ಆ ಹುಡುಗಿಯ ಮುಂದೆ ನೆಲಕ್ಕೆ ಕೂತೆ.

"ಯವ್ವಾ, ಆ ಕಹಿ ದೇವರ ಮಾಡಿದ್ದಲ್ಲ. ನಾ ಮಾಡಿದ್ದು. ನಿನ್ನ ತಪ್ಪ ಏನೂ ಇಲ್ಲ" ಎಂದೆ.

ಎಷ್ಟು ತಿಂದಿದ್ದಳು ಎಂದರೆ ಅರ್ಧ, ಉಳಿದರ್ಧವನ್ನು ಹಿತ್ತಲಿಗೆ ಎಸೆದಿದ್ದಳು. ಅವತ್ತೇ ತಾಯಿ ಮಗಳಿಬ್ಬರನ್ನೂ ಗೋಕಾಕದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಅರ್ಧ ಉಂಡಿಯಿಂದ ಏನೂ ಆಗುವುದಿಲ್ಲ, ಹೆದರಬೇಡಿ ಎಂದರು. ಹುಡುಗಿಯ ಮುಖ ಅರಳಿತು. ನನ್ನ ಹೆದರಿಕೆ ಹೋಗಲಿಲ್ಲ. ಆಮೇಲಿನ ಎರಡು ತಿಂಗಳು ನಾನು ಹೇಗೆ ಕಳೆದೆ ಎಂಬುದು ಮಹಾದೇವಿಗೆ ಗೊತ್ತು. ಎಂಟು ದಿನಕ್ಕೊಮ್ಮೆ ಏನಾದರೂ ನೆಪ ಮಾಡಿ ಅಂಕಲಗಿಗೆ ಹೋಗಿ ಬರುತ್ತಿದ್ದೆ. ಅವ್ವನಿಗೆ ನನ್ನ ಕಾಟ ಸಾಕಾಗಿ, "ಬಾಳಪ್ಪನವರ, ಕೂಸಿನ ಅಪ್ಪನೂ ಇಷ್ಟ ಸಲ ಬಂದಿಲ್ರಿ" ಎಂದರು.

ಸಾವಕಾರರು ಮುಂದಿನ ಪಂಚಮಿಯವರೆಗೆ ನನ್ನ ಸಾಮಾನು ಇಡಲಿಲ್ಲ. ಅದು ಸರಿಯೇ. ನಾವು ಕೋಣೆಯ ಗೋಡೆ ರಿಪೇರಿ ಮಾಡಿಸಿ, ಚೀಲಗಳನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ ಹಲಗೆಯ ಮೇಲೆ ಇಟ್ಟೆವು. ಆದರೆ ಮೀಸಲಿಗೆ ಏನು ಮಾಡುವುದು ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ನೀಲವ್ವನಿಗೆ. ಒಂದು ದಿನ ಹುತ್ತದ ಮಣ್ಣು ತಂದು ಅಂಗೈಯಗಲದ ನಾಗಪ್ಪನನ್ನು ಮಾಡಿ ಒಲೆಯ ಬದಿಗೆ ಕೂರಿಸಿದಳು.

"ಕಡಾಯಿಗೊಂದ ಉಂಡಿ ಮೊದಲ ಇವಗ ಕೊಡೂದು. ಇವ ತಿಂದಮ್ಯಾಲ ನಾವು ತಿನ್ನೂದು. ನಾವು ತಿಂದಮ್ಯಾಲ ಮಂದಿ ತಿನ್ನೂದು. ಇನ್ನ ಯಾವ ಪಾಪನೂ ಇಲ್ಲ ನಡಿ" ಎಂದಳು. ನೀಲವ್ವ ಈಗಿಲ್ಲ. ಕವಿತಾ ಆ ಪದ್ಧತಿಯನ್ನು ಇವತ್ತಿಗೂ ಬಿಟ್ಟಿಲ್ಲ, ಶ್ರಾವಣಕ್ಕಷ್ಟೇ ಅಲ್ಲ, ವರ್ಷವಿಡೀ.

ಕೂಸು ಚೆನ್ನಾಗಿ ಹುಟ್ಟಿತು, ಹೆಣ್ಣು. ಸುದ್ದಿ ಬಂದಾಗ ನಾನು ಪಾಕದ ಮುಂದಿದ್ದೆ. ಎದ್ದು ಹೊರಗೆ ಹೋಗಿ ಅತ್ತು ಬರುವಷ್ಟರಲ್ಲಿ ಪಾಕ ಕಲ್ಲಾಗಿತ್ತು. ಕೆಲವು ದಿನಕ್ಕೆ ಅಂಕಲಗಿಯಿಂದ ನನ್ನದೇ ಡಬ್ಬಿ ತಿರುಗಿ ಬಂತು. ನಮ್ಮ ಕಡೆ ಯಾರೂ ಡಬ್ಬಿಯನ್ನು ಬರಿದು ಕಳಿಸುವುದಿಲ್ಲ. ಗುಣವಾದ ಕೈಯಿಂದ ಅವ್ವ ಕಟ್ಟಿದ ಉಂಡಿ ಅದರ ತುಂಬ ಇದ್ದವು. ಒಂದಷ್ಟು ಸೊಟ್ಟ, ಒಂದಷ್ಟು ದುಂಡಗೆ.

ಇಷ್ಟನ್ನೂ ದೀಪಾಗೆ ಹೇಳಿದೆ. ಅವಳು ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಅಳುಕುತ್ತ ನನ್ನ ಮುಂದೆ ಹಿಡಿದಳು.

"ಮೊದಲನೇ ಸಲ ಧಂದೆಕ್ಕಂತ ಕಟ್ಟಿದ್ದು ಕಾಕಾ. ಹಿರ್ಯಾರು ನೀವು, ನಿಮಗಂತ ಮೀಸಲ ಇಟ್ಟ ತಂದೇನ್ರಿ. ನಾ ಇನ್ನೂ ಬಾಯಾಗ ಹಾಕಿಲ್ಲ."

ನನ್ನ ಎದೆ ಮತ್ತೆ ಧಸಕ್ಕೆಂದಿತು. ಒಂದು ಉಂಡಿ ತೆಗೆದುಕೊಂಡು ಮುರಿದೆ, ಮೂಸಿದೆ, ಎರಡು ಬೆರಳಲ್ಲಿ ತಿಕ್ಕಿ ನೋಡಿದೆ. ಅರ್ಧವನ್ನು ಅವಳ ಕೈಯಲ್ಲಿಟ್ಟೆ.

"ಮೊದಲ ನೀ ತಿನ್ನು ಯವ್ವಾ" ಎಂದೆ. ಅವಳು ಅಗಿಯತೊಡಗಿದಳು. ನಾನು ಅವಳ ಮುಖವನ್ನೇ ನೋಡುತ್ತ, ನನ್ನ ಅರ್ಧವನ್ನು ಕೈಯಲ್ಲಿ ಹಿಡಿದು ಕೂತೆ.